ಕುದುರೆ ಮಸಾಲೆ ತಿಂದ ಚಿಂಚಿಲಾ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ನಾರಾಯಣಖೇಡ್ ಕಡೆಯ ನಮ್ಮ ಊರಿನಿಂದ ಜಹೀರಾಬಾದಿನ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬಂದು ಬಿಎಸ್ಸಿ ಮಾಡಿದೆ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಉರ್ದು, ಕ್ಲಾಸಿನಲ್ಲಿ ತೆಲುಗು, ಪರೀಕ್ಷೆಗೆ ಇಂಗ್ಲಿಷ್. ನನ್ನ ಅಕ್ಕ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ಅವ್ವನ ಜೊತೆ ಹುಲ್ಲು ಕೊಯ್ಯಲು ಹೋದಳು. ಅವಳು ಹೋದದ್ದಕ್ಕೇ ನಾನು ಶಾಲೆಗೆ ಹೋಗಲು ಸಾಧ್ಯವಾಯಿತು. ಇದನ್ನು ಮಾತ್ರ ನಾನು ಕೇಳಿದವರಿಗೂ ಹೇಳುತ್ತಿರಲಿಲ್ಲ.

ತೆಲಂಗಾಣ ಹೋರಾಟ ಜೋರಾಗಿದ್ದ ಆ ವರ್ಷಗಳಲ್ಲಿ ನಾನು ಜಹೀರಾಬಾದಿನ ಒಂದು ಖಾಸಗಿ ಶಾಲೆಯಲ್ಲಿ ಮೂರನೇ ಕ್ಲಾಸಿನ ಟೀಚರ್. ಅಕ್ಕನೂ ಅದೇ ಊರಿಗೆ ಬಂದಿದ್ದಳು. ಬಾವ ತಾಂಡೂರಿನ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಅಕ್ಕ ಊರ ಹೊರಗಿನ ಬದುಗಳಲ್ಲಿ ಹುಲ್ಲು ಕೊಯ್ದು ಹೊರೆ ಕಟ್ಟಿ ಎಮ್ಮೆ ಇದ್ದವರ ಮನೆಗೆ ಹಾಕುತ್ತಿದ್ದಳು. ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಶಾಲೆಯಲ್ಲಿ ಯಾರಾದರೂ ಕೇಳಿದರೆ, 'ಅಕ್ಕ ಮನೆಯಲ್ಲೇ ಇರ್ತಾಳೆ' ಎಂದು ಹೇಳಿ ಮಾತು ಬದಲಿಸುತ್ತಿದ್ದೆ.

ಶಾಲೆ ನಡೆಸುತ್ತಿದ್ದ ಮೇಡಮ್ಮನ ತವರು ತಾಂಡೂರು. ಅವರ ಮಗ ಹೈದರಾಬಾದಿನಲ್ಲಿ ಓದುತ್ತಿದ್ದ. ಅವನೊಂದು ಚಿಂಚಿಲಾ ತಂದು ಸಾಕಿಕೊಂಡಿದ್ದ. ಹಾಸ್ಟೆಲಿನವರು ಬೇಡವೆಂದ ಮೇಲೆ ತಾಯಿಯ ಮನೆಗೆ ತಂದು ಬಿಟ್ಟ. ಮೊಲದಷ್ಟು ಮೆತ್ತಗೆ, ಅದಕ್ಕಿಂತ ಸಣ್ಣದು, ಬೂದಿಯ ಬಣ್ಣ, ಅಳಿಲಿನ ಹಾಗೆ ಬಾಲ. ಮೈ ಮುಟ್ಟಿದರೆ ಬೆರಳು ಎಲ್ಲಿ ಹೋಯಿತೆಂದು ತಿಳಿಯದಷ್ಟು ದಟ್ಟ ಕೂದಲು. ತಂಪು ದೇಶದ ಗುಡ್ಡಗಳಲ್ಲಿ ಹುಟ್ಟಿದ ಪ್ರಾಣಿಯಂತೆ. ನಮ್ಮ ಸೆಖೆ ಅದಕ್ಕೆ ಆಗುವುದಿಲ್ಲ.

'ನೀ ಬಿಎಸ್ಸಿ ಮಾಡಿದಾಕಿ, ಇದರ ಊಟ ತಿಂಡಿ ನೀನೇ ನೋಡ್ಕೊಬೇಕವ್ವ,' ಎಂದರು ಮೇಡಮ್. 'ಇದು ಬದುಕಿದ್ರ ಬರೋ ವರ್ಷ ಹೈಸ್ಕೂಲಿನ ಸೈನ್ಸ್ ನಿನಗೇ ಕೊಡ್ತೀನಿ.'

ನಕ್ಕೊಂಡೇ ಹೇಳಿದ್ದರು. ನಾನು ಮಾತ್ರ ನಗಲಿಲ್ಲ. ಹೈಸ್ಕೂಲಿನ ಸೈನ್ಸ್ ಎಂದರೆ ನಾನು ನಿಂತು ನಿಂತು ಬಂದ ಆ ಮೂರು ವರ್ಷದ ಬಸ್ಸಿಗೆ ಒಂದು ಅರ್ಥ.

ಖರೆ ಹೇಳಬೇಕೆಂದರೆ ಮೊದಲ ಹೊಟ್ಟೆಕಿಚ್ಚು ನನಗೆ ಆ ಪ್ರಾಣಿಯ ಮೇಲೇ. ಪಡಸಾಲೆಯ ಪಕ್ಕದ ಕೋಣೆ ಅದಕ್ಕೊಂದಕ್ಕೇ. ಕರೆಂಟು ಹೋದಾಗ ಮಲಗಲು ತಾಂಡೂರಿನಿಂದ ತರಿಸಿದ ನುಣುಪು ಕಲ್ಲಿನ ಹಾಸು. ತಿನ್ನಲು ಹೈದರಾಬಾದಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರುವ ಒಣಹುಲ್ಲು, ಜೊತೆಗೆ ಒಂದು ಚಮಚದಷ್ಟು ಗುಳಿಗೆ ಆಹಾರ. ಒಮ್ಮೆ ನಾನು ಊರಿಂದ ನಿಂತು ಬಂದ ಬಸ್ಸಿನಲ್ಲೇ ಅದರ ಹುಲ್ಲಿನ ಪ್ಯಾಕೆಟ್ಟು ಕಂಡಕ್ಟರನ ಸೀಟಿನ ಮೇಲೆ ಕೂತು ಬಂತು. ಹುಲ್ಲಿಗೆ ಸೀಟು ಸಿಕ್ಕಿತ್ತು.

ನನಗೆ ಚಹಾ ಬರುತ್ತಿದ್ದದ್ದು ವರಾಂಡಕ್ಕೆ. ಕುಡಿದ ಮೇಲೆ ಸ್ಟೀಲ್ ಲೋಟವನ್ನು ನಾನೇ ತೊಳೆದು ಕಿಟಕಿಯ ಕಟ್ಟೆಯ ಮೇಲೆ ಬೋರಲಿಡುತ್ತಿದ್ದೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಆ ಮನೆಯವರು ಲಿಂಗ ಕಟ್ಟಿಕೊಂಡವರು, ನಾವು ಊರ ಹೊರಗಿನ ಓಣಿಯವರು. ಹೇಳದೆ ತಿಳಿಯುವ ಸಂಗತಿ ಅದು. ಎರಡು ವರ್ಷದಲ್ಲಿ ನಾನು ಆ ಪಕ್ಕದ ಕೋಣೆಯ ತನಕ ಹೋಗಿದ್ದೆ. ಅದರಾಚೆಗಿನ ಅಡುಗೆಮನೆ ಕಂಡಿರಲಿಲ್ಲ.

ಆಮೇಲೆ ಪ್ರತ್ಯೇಕ ತೆಲಂಗಾಣ ಬೇಕೆಂದು ಆ ದೊಡ್ಡ ಮುಷ್ಕರ ಬಂತು. ಶಾಲೆಗಳು ಮುಚ್ಚಿದವು, ಆಫೀಸುಗಳು ಮುಚ್ಚಿದವು, ಬಸ್ಸುಗಳೆಲ್ಲ ಡಿಪೋದೊಳಗೆ ನಿಂತವು. ರಸ್ತೆ ತಡೆಯಲೆಂದೇ ನಡುವೆ ಒಲೆ ಹೂಡಿ ಅಡುಗೆ ಮಾಡಿ ಜನ ಅಲ್ಲೇ ಕೂತು ಊಟ ಮಾಡುತ್ತಿದ್ದರು. ನಾನೂ ಎರಡು ದಿನ ಹೋಗಿ ಈರುಳ್ಳಿ ಹೆಚ್ಚಿ ಘೋಷಣೆ ಕೂಗಿ ಬಂದೆ. ನಮ್ಮ ರಾಜ್ಯ ಬಂದರೆ ನಮ್ಮ ಹುಡುಗರಿಗೆ ನೌಕರಿ ಎಂಬ ನಂಬಿಕೆ ನನಗೂ ಇತ್ತು. ಹತ್ತು ದಿನ ಕಳೆಯುವುದರೊಳಗೆ ಚಿಂಚಿಲಾದ ಹುಲ್ಲಿನ ಪ್ಯಾಕೆಟ್ಟಿನಲ್ಲಿ ಪುಡಿಯಷ್ಟೇ ಉಳಿಯಿತು.

'ನಮ್ಮ ತಾಂಡೂರಿನ ತೊಗರಿಬ್ಯಾಳಿ ನೆನೆಸಿ ಕೊಟ್ರ ಹ್ಯಾಂಗ?' ಎಂದರು ಮೇಡಮ್. 'ಅದಕ್ಕಿಂತ ಛಲೋ ಏನದ?'

'ಬ್ಯಾಡ್ರಿ. ಬ್ಯಾಳಿ, ಕಾಳು, ಶೇಂಗಾ, ದ್ರಾಕ್ಷಿ, ಬದಾಮಿ ಏನೂ ಕೊಡಬಾರದಂತ ಪುಸ್ತಕದಾಗ ಬರ್ದಾರ,' ಎಂದೆ. ಪ್ರಾಣಿಯ ಜೊತೆ ಬಂದಿದ್ದ ಇಂಗ್ಲಿಷ್ ಕಿರುಪುಸ್ತಕ ನನ್ನ ಕೈಯಲ್ಲೇ ಇರುತ್ತಿತ್ತು. ಆ ಮನೆಯಲ್ಲಿ ಅದನ್ನು ಬಿಡಿಸಿ ಓದುವಷ್ಟು ತಾಳ್ಮೆ ಇದ್ದವಳು ನಾನೊಬ್ಬಳೇ.

'ಮತ್ತ ಹುಲ್ಲು ಎಲ್ಲಿಂದ ತರೋಣು?'

ಹುಲ್ಲು ಎಲ್ಲಿಂದ ತರಬೇಕೆಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಎದ್ದಾಗ ನನ್ನ ಹಾಸಿಗೆಯ ಪಕ್ಕದಲ್ಲೇ ಕುಡಗೋಲು ಮಸೆಯುವ ಸಪ್ಪಳ ಕೇಳುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಮನೆಗೆ ಬಂದು ಅಕ್ಕನ ಮುಂದೆ ಸುಮ್ಮನೆ ಗೊಣಗಿದೆ, ಅಷ್ಟೇ. ಅದೇ ತಪ್ಪಾಯಿತು. ಮೂರನೇ ದಿನ ಬೆಳಿಗ್ಗೆ ನಾನು ಮೇಡಮ್ಮನ ವರಾಂಡದಲ್ಲಿ ಕೂತಿದ್ದಾಗ ಹಿಂದಿನ ಬಾಗಿಲಿನ ಕಡೆಯಿಂದ ಅಕ್ಕನ ದನಿ ಕೇಳಿತು.

'ಅಮ್ಮಾರೇ, ಅದೇನೋ ವಿಲಾಯತಿ ಇಲಿಗೆ ಹುಲ್ಲು ಇಲ್ಲಂತಲ್ರಿ. ತಂದೀನಿ ನೋಡ್ರಿ.'

'ನೀ ಯಾರವ್ವ?'

'ನಿಮ್ಮ ಶಾಲಿ ಟೀಚರಿನ ಅಕ್ಕರಿ. ನಮ್ಮ ಬಿಎಸ್ಸಿ ನನ್ನ ಹೇಳಿಲ್ಲೇನು ನಿಮಗ?'

ಮೇಡಮ್ ಒಳಗಿನಿಂದಲೇ ವರಾಂಡದಲ್ಲಿದ್ದ ನನ್ನ ಕಡೆ ತಿರುಗಿ ನೋಡಿದರು. ಅವರು ಕೇಳದೇ ಇದ್ದದ್ದೇ ನನಗೆ ಹೆಚ್ಚು ನಾಚಿಕೆ ತಂದಿತು.

ಅಕ್ಕ ತಂದದ್ದು ಗರಿಕೆ. ಇಬ್ಬನಿ ಆರಿದ ಮೇಲೆ ಕೊಯ್ದು, ಎರಡು ದಿನ ನೆರಳಿನಲ್ಲಿ ಹರವಿ, ತಿರುವಿ ಹಾಕಿ ಒಣಗಿಸಿದ್ದಳು. ಹಿಡಿಯಲ್ಲಿ ಹಿಚುಕಿದರೆ ಸರಸರ ಎನ್ನುತ್ತಿತ್ತು, ಬಣ್ಣ ಮಾತ್ರ ಇನ್ನೂ ಹಸಿರು. ಅಕ್ಕ ಹಿತ್ತಲಿನಿಂದ ಮನೆ ಬಳಸಿ ಚಿಂಚಿಲಾದ ಕೋಣೆಗೆ ಬಂದು ಪಂಜರದ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಹಳೆಯ ಪ್ಯಾಕೆಟ್ಟಿನ ಪುಡಿಯನ್ನು ಮೂಸಿದಳು. ನೆಲದ ಮೇಲಿನ ಹಿಕ್ಕೆಯೊಂದನ್ನು ಎತ್ತಿ ಬೆರಳಿನಲ್ಲಿ ಒತ್ತಿದಳು.

'ಹಿಕ್ಕಿ ಗಟ್ಟಿ ಅದ, ಒಣಾ ಅದ. ಹೊಟ್ಟಿ ಹಸನ ಅದ ಅಮ್ಮಾರೇ. ಇದಕ್ಕ ಒಣಾ ಹುಲ್ಲೇ ಬೇಕು, ಬರೇ ಹುಲ್ಲು. ಇದೇನು ದೊಡ್ಡ ಮನುಷ್ಯಾ ಅಲ್ಲ, ನಮ್ಮಂಗ ಬಡವರ ಪ್ರಾಣಿ.'

ಮೇಡಮ್ ಜೋರಾಗಿ ನಕ್ಕರು. ನನ್ನ ಮಾತಿಗೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

'ಈ ಹೊರಿ ಎಲ್ಲಿ ಇಡೋಣವ್ವ? ಮಳಿ ಬಂದ್ರ?'

'ಒಲಿ ಮ್ಯಾಲಿನ ಅಟ್ಟದಾಗ ಇಡ್ರಿ. ಕಾವು ಇರ್ತದ, ಬೂಸಲು ಹತ್ತಂಗಿಲ್ಲ. ಬೂಸಲು ಹತ್ತಿದ್ದ ತಿಂದ್ರ ಎಮ್ಮಿನೂ ಸಾಯ್ತದ, ಇದ್ಯಾವ ಲೆಕ್ಕ.'

'ಹಂಗಾರ ತಗೊಂಡು ಬಾ ಒಳಗ.'

ಅಕ್ಕ ಹೊರೆ ಎತ್ತಿಕೊಂಡು ಅವರ ಹಿಂದೆ ಅಡುಗೆಮನೆಯೊಳಗೆ ನಡೆದುಬಿಟ್ಟಳು. ಕಾಲು ಸಹ ತಡೆಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಹುಲ್ಲಿನೊಳಗಿನ ಮುಳ್ಳು, ಕಸ, ಬೇರೆ ಸೊಪ್ಪು ಆರಿಸಿದಳು. ಮೇಡಮ್ ತಮ್ಮ ಕೈಯಾರೆ ಚಹಾ ಕೊಟ್ಟರು. ವರಾಂಡದಲ್ಲಿ ಕೂತ ನನಗೆ ಬಾಗಿಲ ಸಂದಿಯಲ್ಲಿ ಕಂಡದ್ದು ಅಕ್ಕನ ಕೈಯಲ್ಲಿದ್ದ ಪಿಂಗಾಣಿಯ ಕಪ್-ಬಸಿ. ಮನೆಯವರು ಕುಡಿಯುವ ಕಪ್-ಬಸಿ. ಅವಳು ಚಹಾವನ್ನು ಬಸಿಗೆ ಸುರಿದುಕೊಂಡು ಸುರ್ರೆಂದು ಹೀರುತ್ತಿದ್ದಳು.

ಎರಡು ವರ್ಷ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಆ ಮನೆಗೆ ಹೋಗಿದ್ದೆ. ಅವಳು ಸೀರೆಗೆ ಹುಲ್ಲಿನ ಕಡ್ಡಿ ಅಂಟಿಸಿಕೊಂಡು ಒಂದೇ ದಿನದಲ್ಲಿ ಒಳಗೆ ಹೋಗಿದ್ದಳು.

ಮುಂದಿನ ವಾರವೆಲ್ಲ ಅದೇ ಆಯಿತು. ಮೇಡಮ್ಮಿಗೆ ಏನು ಬೇಕಾದರೂ ಅಕ್ಕನನ್ನೇ ಕೇಳುವುದು. ಜೋಳದ ಎಳೆ ಸೊಪ್ಪು ಕೊಡಬಹುದೇ ಎಂದರೆ ಅಕ್ಕ, 'ಅಯ್ಯ, ಅದು ವಿಷರಿ, ದನಾನೇ ಬೀಳ್ತಾವ' ಎನ್ನುವಳು. ನಾನು ಪಕ್ಕದಲ್ಲಿ ನಿಂತು, 'ಹೌದ್ರಿ, ಅದರಾಗ ಒಂದು ರಸಾಯನ ಇರ್ತದ' ಎಂದು ಅದರ ಹೆಸರು ಹೇಳುತ್ತಿದ್ದೆ. ಹೆಸರು ಯಾರಿಗೂ ಬೇಕಿರಲಿಲ್ಲ. ಮನೆಗೆ ಹೋದಾಗ ಅಕ್ಕ ಖುಷಿಯಿಂದ, 'ನಿಮ್ಮ ಮೇಡಮ್ ಭಾಳ ಛಲೋ ಇದ್ದಾಳ ನೋಡು' ಎಂದರೆ ನಾನು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದೆ.

ಅವಳಿಗೆ ಬಾರದ್ದು ನನಗೇನು ಬರುತ್ತದೆ ಎಂದು ಯೋಚಿಸಿದೆ. ಓದುವುದು ಬರುತ್ತದೆ. ಒಂದು ಮಧ್ಯಾಹ್ನ ಆ ಕಿರುಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಕೂತು ಓದಿದೆ. ಅಲ್ಲಿ ಅಲ್ಫಾಲ್ಫಾ ಎಂಬ ಮೇವಿನ ಮಾತು ಬಂತು. ಪ್ರೋಟೀನು ಹೆಚ್ಚು, ಕ್ಯಾಲ್ಸಿಯಂ ಹೆಚ್ಚು ಎಂದಿತ್ತು. ನನ್ನ ಸಸ್ಯಶಾಸ್ತ್ರದ ಪುಸ್ತಕ ತೆಗೆದು ನೋಡಿದೆ. ಅದು ನಮ್ಮ ಕುದುರೆ ಮಸಾಲೆ ಸೊಪ್ಪು! ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವ ಚಾಚಾ ಒಬ್ಬರು ಊರಂಚಿನಲ್ಲಿ ಅದನ್ನು ಒಂದು ಮಡಿ ಬೆಳೆಯುತ್ತಿದ್ದರು. ನನಗಾದ ಸಂತೋಷ ಏನು ಹೇಳಲಿ. ಹೈದರಾಬಾದಿನ ಆಹಾರ ಜಹೀರಾಬಾದಿನಲ್ಲೇ ಇದೆ ಎಂದು ಕಂಡುಹಿಡಿದವಳು ನಾನು, ಬಿಎಸ್ಸಿ.

ಆ ಪುಟದ ಕೆಳಗಿನ ಸಾಲುಗಳನ್ನೂ ಓದಿದ್ದೆ. ಮರಿಗಳಿಗೆ, ಬಸುರಿಗೆ ಮಾತ್ರ, ಅದೂ ಒಣಗಿದ್ದು, ಸ್ವಲ್ಪವೇ ಎಂದಿತ್ತು. ಓದಿ ಬಿಟ್ಟೆ. ಯಾಕೆ ಬಿಟ್ಟೆ ಎಂದರೆ, ನಮ್ಮ ಮನೆಯಲ್ಲಿ ತಾಕತ್ತಿನ ಊಟ ಯಾರಿಗಾದರೂ ಹೆಚ್ಚಾದದ್ದನ್ನು ನಾನು ಕಂಡಿರಲಿಲ್ಲ. ಹೈಸ್ಕೂಲಿಗೆ ಹೋಗುವಾಗ ಇದ್ದ ಹಾಸ್ಟೆಲಿನಲ್ಲಿ ವಾರಕ್ಕೊಂದು ಮೊಟ್ಟೆ ಕೊಟ್ಟ ದಿನ ನಾವು ಹಬ್ಬ ಮಾಡಿದವರು. ಕಡಿಮೆಯಾದರೆ ಜೀವ ಸೊರಗುತ್ತದೆ ಎಂದು ನನಗೆ ಗೊತ್ತಿತ್ತು. ಹೆಚ್ಚಾದರೂ ಸೊರಗುತ್ತದೆ ಎಂದು ಗೊತ್ತಿರಲಿಲ್ಲ.

ಎರಡು ದಿನ ಅಕ್ಕ ಬರುವ ಮೊದಲೇ ಹೋಗಿ ಹಸಿ ಸೊಪ್ಪು ತಿನ್ನಿಸಿದೆ. ಬರೀ ಅದಲ್ಲ. ಮೆಡಿಕಲ್ ಶಾಪಿನಿಂದ ಮಕ್ಕಳ ವಿಟಮಿನ್ ಟಾನಿಕ್ ತಂದು ಕುಡಿಯುವ ನೀರಿಗೆ ಹನಿ ಹಾಕಿದೆ. ಸಿಹಿಯಾಗಿತ್ತು, ಕಿತ್ತಳೆಯ ವಾಸನೆ. ಪ್ರಾಣಿ ಎಂದೂ ಇಲ್ಲದಂತೆ ಓಡಿಬಂದು ಎರಡೂ ಮುಂಗೈಯಲ್ಲಿ ಎಸಳು ಹಿಡಿದು ನನ್ನ ಬೆರಳಿನ ಹತ್ತಿರವೇ ಕೂತು ತಿಂದಿತು. ಅಕ್ಕನ ಗರಿಕೆಯನ್ನು ತಿರುಗಿ ನೋಡಲಿಲ್ಲ. 'ನೋಡು, ಯಾರು ಬೇಕು ನಿನಗೆ?' ಎಂದು ನಾನು ಅದನ್ನು ಖರೆಖರೆ ಬಾಯಿಬಿಟ್ಟು ಕೇಳಿದೆ.

ಮೂರನೇ ದಿನ ಮಧ್ಯಾಹ್ನ ಅದು ಮೂಲೆಯಲ್ಲಿ ಗೂನು ಬೆನ್ನು ಮಾಡಿ ಕೂತಿತ್ತು. ಹೊಟ್ಟೆ ಡೋಲಿನಂತೆ ಬಿಗಿದಿತ್ತು. ನೆಲದ ಮೇಲೆ ಹಿಕ್ಕೆಯೇ ಇಲ್ಲ. ಮೇಡಮ್ ಮಗನಿಗೆ ಫೋನು ಹಚ್ಚಿ ಅಳುತ್ತಿದ್ದರು. ಅಕ್ಕ ಬಂದಳು. ಒಂದು ಸಲ ನೋಡಿದಳು, ಕಲ್ಲಿನ ಹಾಸನ್ನು ಮೆಲ್ಲಗೆ ಎತ್ತಿದಳು. ಅದರಡಿ ಬಾಡಿದ ಮೂರೆಲೆಯ ಒಂದು ಕಡ್ಡಿ ಸಿಕ್ಕಿತು. ಅದನ್ನು ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆ ನೋಡಿದೆ.

ಮುಷ್ಕರದಲ್ಲಿದ್ದರೂ ದನದ ಡಾಕ್ಟರರು ಬೈಕಿನ ಮೇಲೆ ಬಂದರು. ವಯಸ್ಸಾದವರು, ನೇರ ಮಾತಿನವರು. 'ಇಂಥಾ ಪ್ರಾಣಿ ನಾ ಜನ್ಮದಾಗ ನೋಡಿಲ್ಲ' ಎಂದು ಮೊದಲೇ ಹೇಳಿ, ಹೈದರಾಬಾದಿನಲ್ಲಿ ಗೊತ್ತಿದ್ದ ಒಬ್ಬ ಡಾಕ್ಟರಿಗೆ ಫೋನು ಮಾಡಿ ಬಹಳ ಹೊತ್ತು ಕೇಳಿಕೊಂಡರು.

'ಆಕಳಿಗಾದ್ರ ಎಣ್ಣಿ ಕುಡಸ್ತೀವಿ ಸಾಹೇಬ್ರ,' ಎಂದಳು ಅಕ್ಕ.

'ಬ್ಯಾಡ ಬ್ಯಾಡ. ಇದು ತೇಗಂಗಿಲ್ಲ, ವಾಂತಿ ಮಾಡಂಗಿಲ್ಲ. ಎಣ್ಣಿ ಹಾಕಿದ್ರ ಪುಪ್ಪುಸಕ್ಕ ಹೋಗ್ತದ.'

ಅಂಥ ಹೊತ್ತಿನಲ್ಲೂ ಅಕ್ಕನ ಮಾತು ತಪ್ಪಾಯಿತೆಂದು ನನಗೆ ಒಂದು ಗಳಿಗೆ ಸಮಾಧಾನವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

'ಏನು ತಿಂದದ? ಖರೆ ಹೇಳ್ರಿ. ಅದರ ಮ್ಯಾಲ ಔಷಧಾ,' ಎಂದರು ಡಾಕ್ಟರು.

ಆಗ ಅಕ್ಕ ಆ ಕಡ್ಡಿಯನ್ನು ಮುಂದೆ ಚಾಚಿದಳು. 'ಕುದುರಿ ಮಸಾಲಿ ತಿಂದದರಿ, ಹಸೀದು. ನನ್ನ ಹೊರಿಯಾಗೇ ಬಂದಿರಬೇಕು. ಚಾಚಾನ ಮಡಿ ಬಾಜೂಕೇ ಕೊಯ್ದಿದ್ನಿ. ತಪ್ಪು ನನ್ನದೇರಿ ಅಮ್ಮಾರೇ.'

ಅವಳು ಸುಳ್ಳು ಹೇಳುತ್ತಿದ್ದಳು, ನನ್ನ ಸಲುವಾಗಿ. ಕಡ್ಡಿ ಕಡ್ಡಿ ಆರಿಸಿ ಹುಲ್ಲು ಕೊಡುವವಳು ಅವಳು. ಮೇಡಮ್ ಬಯ್ಯುತ್ತಾರೆ, ಅವಳನ್ನು ಮತ್ತೆ ಹಿಂದಿನ ಬಾಗಿಲಿಗೆ ಕಳಿಸುತ್ತಾರೆ ಎಂದುಕೊಂಡೆ. ಖರೆ ಹೇಳುತ್ತೇನೆ, ಹಾಗಾಗಲಿ ಎಂದೂ ಅಂದುಕೊಂಡೆ. ಆದರೆ ಮೇಡಮ್ ಕಣ್ಣು ಒರೆಸಿಕೊಂಡು ಅವಳ ಕೈ ಹಿಡಿದರು.

'ಎಂಥಾ ಮನಸ್ಸವ್ವ ನಿಂದು! ಓದಿದವರೂ ಹಿಂಗ ತಪ್ಪು ಒಪ್ಕೊಳ್ಳಂಗಿಲ್ಲ. ನೀ ಓದಿದ್ರ ಎಲ್ಲಿರತಿದ್ದಿ!'

ಆ ಮಾತು ನನಗೆ ತಡೆಯಲಾಗಲಿಲ್ಲ. ನನ್ನ ತಪ್ಪು ಸಹ ಅವಳ ಪಾಲಿಗೆ ಹೋಗಿ ಅಲ್ಲಿ ಪುಣ್ಯವಾಗಿತ್ತು.

'ಆಕಿ ಅಲ್ರಿ, ನಾನು,' ಎಂದು ಕೂಗಿಯೇ ಹೇಳಿದೆ. 'ನಾನೇ ಕೊಟ್ಟೀನಿ. ಎರಡು ದಿನ ಕೊಟ್ಟೀನಿ. ಪುಸ್ತಕದಾಗ ಬ್ಯಾಡ ಅಂತಿದ್ರೂ ಕೊಟ್ಟೀನಿ. ನೀರಿನಾಗ ಮಕ್ಕಳ ಟಾನಿಕ್ಕೂ ಹಾಕೀನಿ.'

'ಟಾನಿಕ್?' ಡಾಕ್ಟರು ನೀರಿನ ಬಾಟಲಿ ಬಿಚ್ಚಿ ಮೂಸಿದರು. 'ಇದನ್ನ ಮೊದಲೇ ಹೇಳಬಾರದೇನವ್ವ? ಬರೇ ಸಕ್ಕರಿ ಇದು. ಹಸಿ ಸೊಪ್ಪು, ಮ್ಯಾಲ ಸಕ್ಕರಿ. ಹೊಟ್ಟಿಯಾಗ ಗಾಳಿ ಆಗದೇ ಏನಾದೀತು?'

ನೀರು ಚೆಲ್ಲಿಸಿ ಹೊಸ ನೀರು ಇಡಿಸಿದರು. ಪ್ರಾಣಿಯನ್ನು ತೂಗಿ, ಹೈದರಾಬಾದಿನವರು ಹೇಳಿದ ಅಳತೆಯಲ್ಲಿ ಗಾಳಿ ಇಳಿಯುವ ಔಷಧಿಯನ್ನು ಬಾಯಿಯ ಪಕ್ಕದಿಂದ ಹನಿ ಹನಿಯಾಗಿ ಬಿಟ್ಟರು. ಹೊಟ್ಟೆ ಒತ್ತಬೇಡಿ, ಮೆಲ್ಲಗೆ ಓಡಾಡಲು ಬಿಡಿ, ಒಣಹುಲ್ಲು ಬಿಟ್ಟು ಏನೂ ಇಡಬೇಡಿ, ಸಂಜೆಯೊಳಗೆ ಹಿಕ್ಕೆ ಹಾಕದಿದ್ದರೆ ರಸ್ತೆ ಹೇಗೇ ಇರಲಿ ಕಾರು ಮಾಡಿ ಹೈದರಾಬಾದಿಗೆ ಒಯ್ಯಿರಿ ಎಂದರು. ಹೋಗುವಾಗ ನನ್ನನ್ನೇ ಕರೆದು ಹೇಳಿದರು: 'ಛಲೋ ಹುಲ್ಲು ತಿನ್ನೋ ಪ್ರಾಣಿಗೆ ಟಾನಿಕ್ ಬೇಕಾಗಂಗಿಲ್ಲ. ಬೇಕಂತ ಡಾಕ್ಟರ್ ಹೇಳಿದ್ರ ಮಾತ್ರ ಕೊಡಬೇಕು. ಹುಲ್ಲು ತಿನ್ನಕೋತ ಇದ್ರನ ಅದರ ಹಲ್ಲು ಸವೀತಾವ, ಹೊಟ್ಟಿ ನಡೀತದ. ನಿಮ್ಮಕ್ಕ ತರೋದೇ ಊಟ, ನಿಮ್ಮಕ್ಕ ತರೋದೇ ಟಾನಿಕ್.'

ಮತ್ತೆ ನಿಮ್ಮಕ್ಕ!

ನಾವು ಮೂವರೂ ಆ ಕೋಣೆಯ ನೆಲದ ಮೇಲೆ ಕೂತೆವು. ಚಿಂಚಿಲಾ ನಾಲ್ಕು ಹೆಜ್ಜೆ ಹಾಕುವುದು, ನಿಲ್ಲುವುದು. ಬಿಸಿಲು ಇಳಿಯುವ ಹೊತ್ತಿಗೆ ಕಲ್ಲಿನ ಮೇಲೆ ಮೆತ್ತನೆಯ ಎರಡು ಹಿಕ್ಕೆ ಬಿದ್ದವು. ಆಮೇಲೆ ಇನ್ನೂ ಮೂರು. ಅಷ್ಟು ಹೊತ್ತಿಗೆ ಅದು ಗರಿಕೆಯ ಒಂದೆಳೆ ಎತ್ತಿಕೊಂಡು ಕಡಿಯಲು ಶುರುಮಾಡಿತು. ಮೇಡಮ್ ಹಿಕ್ಕೆ ನೋಡಿ ಕೈಮುಗಿದರು. ಅಕ್ಕ ನಕ್ಕಳು.

ನಾನು ಎದ್ದು ನಿಂತೆ. ಕೆಲಸ ಹೋಯಿತು, ಸೈನ್ಸೂ ಹೋಯಿತು ಎಂದುಕೊಂಡಿದ್ದೆ. ಮೇಡಮ್ ಹೇಳಿದ್ದು ಬೇರೆ. 'ನಿಮ್ಮಕ್ಕ ನಿನ್ನ ಸಲುವಾಗಿ ತಪ್ಪು ಹೊತ್ಕೊಂಡಿದ್ಲು. ನೀ ಸುಮ್ಮನಿರಬಹುದಿತ್ತು, ಇರಲಿಲ್ಲ. ಖರೆ ಹೇಳೋರೇ ಸೈನ್ಸ್ ಹೇಳಬೇಕು. ಶಾಲಿ ತೆರೀಲಿ, ಎಂಟನೇದು ಒಂಬತ್ತನೇದು ನೀನೇ ತಗೋ. ಅದರ ಊಟದ್ದು ಮಾತ್ರ ನಿಮ್ಮಕ್ಕಗ ಬಿಡು.'

ನನ್ನ ಪ್ರಾಮಾಣಿಕತೆ ಎಂದು ಅವರು ತಿಳಿದದ್ದು ಏನೆಂದು ನನಗೆ ಗೊತ್ತಿತ್ತು. ಆದರೂ ತಲೆಯಾಡಿಸಿದೆ. ಕಷ್ಟಪಟ್ಟು ಓದಿದವಳು ಸಿಕ್ಕ ಕ್ಲಾಸು ಬಿಡುವುದಿಲ್ಲ.

ಮನೆಗೆ ನಡೆದುಕೊಂಡು ಹೋಗುವಾಗ ಅಕ್ಕ ಸಿಟ್ಟಿನಲ್ಲಿದ್ದಳು. ರಸ್ತೆಯ ನಡುವೆ ಆ ದಿನದ ಅಡುಗೆ ಇಳಿಸಿ ಎಲೆ ಹಾಕುತ್ತಿದ್ದರು.

'ಏ, ಯಾಕ ಬಾಯಿ ಬಿಟ್ಟಿ? ನಾ ಸಂಭಾಳಿಸ್ತಿದ್ನಲ್ಲ. ನನ್ನದೇನು, ಆ ಮನಿ ಹೋದ್ರ ಇನ್ನೊಂದು ಮನಿ. ನಿನ್ನ ನೌಕರಿ ಹೋಗಿದ್ರ?'

'ಟಾನಿಕ್ಕಿಂದು ನಿನಗ ಗೊತ್ತಿರಲಿಲ್ಲ. ಹೇಳಬೇಕಾಗಿತ್ತು.'

'ಅದಕ್ಕಂತ ಹೇಳಿದೇನು?'

ಅಲ್ಲ ಎಂದೆ. ಎಷ್ಟು ಹೊತ್ತು ಅಂತ ಸುಳ್ಳು ಹೇಳುವುದು. 'ಆಕಿ ನಿನ್ನ ಹೊಗಳೋದು ನನಗ ಕೇಳಾಕ ಆಗಲಿಲ್ಲ.'

'ಅಂದ್ರ?'

'ಅಂದ್ರ ಹೊಟ್ಟಿಕಿಚ್ಚು.'

'ಯಾರ ಮ್ಯಾಲ?'

'ನಿನ್ನ ಮ್ಯಾಲ. ಆಕಿ ಅಡಗಿಮನಿಯಾಗ ನೀ ಚಾ ಕುಡದ ದಿನದಿಂದ.'

ಅಕ್ಕ ರಸ್ತೆಯಲ್ಲೇ ನಿಂತುಬಿಟ್ಟಳು. ಹೊಡೆಯುತ್ತಾಳೆ ಎಂದುಕೊಂಡೆ. ಅವಳ ಮುಖ ಮಾತ್ರ ಮೆಲ್ಲಗೆ ಅರಳುತ್ತ ಹೋಯಿತು.

'ಬಿಎಸ್ಸಿಗೆ? ನನ್ನ ಮ್ಯಾಲ?'

'ಹೂಂ.'

'ಇನ್ನೊಮ್ಮಿ ಅನ್ನು.'

'ಒಮ್ಮಿ ಅಂದಿದ್ದು ಸಾಕು.'

'ಅನ್ನವ್ವ! ಹುಟ್ಟಿದಾಗಿಂದ ನಿನ್ನ ಚೀಲಾ ನೋಡಿ, ನಿನ್ನ ಬೂಟು ನೋಡಿ, ನಿನ್ನ ಬಸ್ಸಿನ ಪಾಸು ನೋಡಿ ಉರ್ಕೊಂಡಾಕಿ ನಾನು. ಒಮ್ಮ್ಯಾದ್ರೂ ನಿನಗ ಉರೀತಲ್ಲ!' ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸಣ್ಣ ಮೊಬೈಲು ತೆಗೆದು ನನ್ನ ಕೈಗೆ ಕೊಟ್ಟಳು. ಅಂಕಿ ಒತ್ತಲು ಅವಳಿಗೆ ಬರುತ್ತಿರಲಿಲ್ಲ. 'ನಿಮ್ಮ ಬಾವಗ ಹಚ್ಚು. ತಾಂಡೂರಿಗೆ. ಹಚ್ಚು ಅಂದ್ರ.'

ಹಚ್ಚಿಕೊಟ್ಟೆ.

'ಕೇಳ್ರಿ ಇಲ್ಲಿ! ನಮ್ಮ ಬಿಎಸ್ಸಿಗೆ ನನ್ನ ಮ್ಯಾಲ ಹೊಟ್ಟಿಕಿಚ್ಚಂತ! ಹಾಂ? ನನ್ನ ಮ್ಯಾಲರಿ, ನನ್ನ ಮ್ಯಾಲ!'

ಆ ಕಡೆ ಬಾವನಿಗೆ ಕೇಳಿಸಲಿಲ್ಲವೋ, ನಂಬಿಕೆ ಬರಲಿಲ್ಲವೋ. ಅವಳು ಮೂರು ಸಲ ಹೇಳಿದಳು, ಪ್ರತಿ ಸಲ ಇನ್ನಷ್ಟು ಜೋರಾಗಿ. ರಸ್ತೆಯಲ್ಲಿ ಊಟಕ್ಕೆ ಕೂತವರೆಲ್ಲ ತುತ್ತು ಕೈಯಲ್ಲೇ ಹಿಡಿದು ನಮ್ಮ ಕಡೆ ತಿರುಗಿ ನೋಡಿದರು.